ಫಲಿತಾಂಶ ಹೊರಬಿದ್ದ ಮೇಲೆ: ಮಾಡಬೇಕಾದ್ದು, ಮಾಡಬಾರದ್ದು

ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ, ಯಾವ ಮಟ್ಟದ ಕೂಟಕ್ಕಾದರೂ ಸಲ್ಲುವ ಸೂಚನೆ ಇದು. ಓಡುವ, ಜಿಗಿಯುವ, ಎಸೆಯುವ, ಆಡುವ ಮಕ್ಕಳು ಓದಬೇಕು. ಅವರಿಗಿಂತ ಮೊದಲು ಅವರ ಜೊತೆ ಬರುವ ಅಪ್ಪ ಅಮ್ಮ, ಪಿ.ಟಿ. ಮೇಷ್ಟ್ರು, ಕೋಚ್, ಟೀಮ್ ಮ್ಯಾನೇಜರ್, ಶಾಲೆಯ ಆಡಳಿತ ಮಂಡಳಿಯವರು ಓದಬೇಕು. ಫೌಲ್ ಸ್ಟಾರ್ಟಿಗೆ ಏನು ಕ್ರಮ, ಲೇನ್ ತುಳಿದರೆ ಏನು, ದೂರು ಕೊಡಲು ಎಷ್ಟು ಹೊತ್ತು ಅವಕಾಶ, ಎಲ್ಲಕ್ಕೂ ನಿಯಮ ಇದೆ. ಫಲಿತಾಂಶ ಕೂಗಿದ ಮೇಲೆ ಮಗುವಿನ ಎದುರು ದೊಡ್ಡವರು ಹೇಗೆ ನಡೆದುಕೊಳ್ಳಬೇಕು ಎನ್ನುವುದಕ್ಕೆ ಮಾತ್ರ ನಿಯಮ ಇಲ್ಲ. ನಾನು ಮೈದಾನದಲ್ಲಿ ಕಂಡಂತೆ, ಸೋಲಿಗೆ ಹೆದರಿ ಆಟ ಬಿಟ್ಟ ಮಕ್ಕಳಿಗಿಂತ ಸೋತ ದಿನ ಕಿವಿಗೆ ಬಿದ್ದ ಮಾತಿಗೆ ಆಟ ಬಿಟ್ಟ ಮಕ್ಕಳೇ ಹೆಚ್ಚು. ಗೆದ್ದ ಮೇಲೆ ದಾರಿ ತಪ್ಪಿದವರೂ ಕಮ್ಮಿಯಿಲ್ಲ. ಹಾಗಾಗಿ ಎರಡಕ್ಕೂ ಕಟ್ಟುಪಾಡು ಬೇಕು.

ಮೊದಲ ಒಂದು ಗಂಟೆ

ನೀರು ಮೊದಲು, ಮಾತು ಆಮೇಲೆ. ಫಿನಿಶ್ ಲೈನ್ ದಾಟಿ ಬಂದ ಮಗುವಿನ ಕೈಗೆ ಮೊದಲು ನೀರಿನ ಬಾಟಲಿ ಕೊಡಿ. ಉಸಿರು ಹತೋಟಿಗೆ ಬಂದ ಮೇಲೆ ಬಾಳೆಹಣ್ಣೋ ಚಿಕ್ಕಿಯೋ ಕೊಡಿ. ಸ್ಪೈಕ್ಸ್ ಬಿಚ್ಚಿ, ಟ್ರ್ಯಾಕ್ ಸೂಟ್ ಹಾಕಿಕೊಂಡು, ಹತ್ತು ನಿಮಿಷ ಅಡ್ಡಾಡಲಿ. ಇದು ಬರೀ ಉಪಚಾರವಲ್ಲ. ಸ್ಪರ್ಧೆಯ ಹೊತ್ತಿಗೆ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಮೈಯಲ್ಲಿ ಏರಿರುತ್ತವೆ. ಪಂದ್ಯ ಮುಗಿಯಿತು ಎಂದು ಅಂಪೈರ್ ಹೇಳಿದ ಕೂಡಲೇ ಅವು ಇಳಿಯುವುದಿಲ್ಲ. ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತೊಳಸುತ್ತದೆ. ಮೈಯಲ್ಲಿ ನೀರೂ ಸಕ್ಕರೆಯೂ ಕಡಿಮೆಯಾಗಿರುವುದರಿಂದ ಸಣ್ಣ ಮಾತಿಗೂ ಸಿಟ್ಟು ಬರುತ್ತದೆ, ಅಳು ಬರುತ್ತದೆ. ಈ ಸ್ಥಿತಿಯಲ್ಲಿರುವವರಿಗೆ ಬುದ್ಧಿ ಹೇಳಿದರೆ ಬುದ್ಧಿಮಾತು ತಲೆಗೆ ಹೋಗುವುದಿಲ್ಲ, ಹೇಳಿದವರ ಮುಖ ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

“ಏನಾಯ್ತು ನಿಂಗೆ?” ಎಂದು ಕೇಳಬೇಡಿ. ಏನಾಯ್ತು ಎಂದು ಆ ಮಗುವಿಗೇ ಇನ್ನೂ ಗೊತ್ತಿರುವುದಿಲ್ಲ. ಸ್ಟಾರ್ಟ್ ತಡವಾಯ್ತು, ಮೂರನೇ ಹರ್ಡಲ್‌ಗೆ ಹೆಜ್ಜೆ ತಪ್ಪಿತು ಎಂಬ ವಿಶ್ಲೇಷಣೆ ಮಾರನೆಯ ದಿನಕ್ಕಿರಲಿ.

ಅಳಬೇಡ ಎನ್ನಕೂಡದು. ಗಂಡುಮಕ್ಕಳಿಗೆ “ಹೆಣ್ಣಿಗರ ಥರ ಅಳ್ತೀಯಲ್ಲೋ” ಎನ್ನುವುದನ್ನಂತೂ ಈ ಕ್ಷಣದಿಂದ ನಿಲ್ಲಿಸಿ. 2004ರ ಅಥೆನ್ಸ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಜೂಡೊ ಪಂದ್ಯಗಳ ಫೋಟೊಗಳನ್ನು ಇಟ್ಟುಕೊಂಡು ಜೆಸ್ಸಿಕಾ ಟ್ರೇಸಿ ಮತ್ತು ಡೇವಿಡ್ ಮಾತ್ಸುಮೊಟೊ ಎಂಬ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ಗೆದ್ದವರು ಕೈ ಮೇಲೆತ್ತುತ್ತಾರೆ, ಎದೆ ಉಬ್ಬಿಸುತ್ತಾರೆ, ತಲೆ ಹಿಂದಕ್ಕೆ ವಾಲಿಸುತ್ತಾರೆ. ಸೋತವರ ಭುಜ ಕುಸಿಯುತ್ತದೆ. ಹುಟ್ಟಿನಿಂದ ಕಣ್ಣು ಕಾಣದವರು, ಅಂದರೆ ಇನ್ನೊಬ್ಬರು ಗೆದ್ದು ಕೈ ಎತ್ತಿದ್ದನ್ನು ಒಮ್ಮೆಯೂ ನೋಡದವರು ಕೂಡ ಹಾಗೆಯೇ ಮಾಡುತ್ತಿದ್ದರು. ನೋಡಿ ಕಲಿತದ್ದಲ್ಲದ ಇಂಥದ್ದನ್ನು ನಾಟಕ ಎಂದು ಬೈಯುವುದು ಅನ್ಯಾಯ. ಅಳುವ ಮಗುವಿನ ಪಕ್ಕ ಸುಮ್ಮನೆ ಕುಳಿತುಕೊಳ್ಳಿ. ಅದು ಬೆನ್ನು ಸವರಿಸಿಕೊಳ್ಳುವ ಮಗುವೋ, ಒಂಟಿಯಾಗಿ ಇರಬಯಸುವ ಮಗುವೋ ಎನ್ನುವುದನ್ನು ಕೂಟಕ್ಕೆ ಮೊದಲೇ ತಿಳಿದಿರಬೇಕಾದ್ದು ಕೋಚಿನ ಹೊಣೆ. ಒಂಟಿಯಾಗಿ ಬಿಡುವುದಾದರೂ ಕಣ್ಣಳತೆಯಲ್ಲಿ ಇರಲಿ.

ಆಟ ಬಿಡುತ್ತೇನೆ ಎಂಬ ಮಾತನ್ನು ಆ ದಿನ ಒಪ್ಪಿಕೊಳ್ಳಬೇಡಿ. ತಳ್ಳಿಹಾಕಲೂ ಬೇಡಿ. “ಆಯ್ತು, ಇದರ ಬಗ್ಗೆ ಎರಡು ವಾರ ಆದ ಮೇಲೆ ಮಾತಾಡೋಣ” ಎಂದಷ್ಟೇ ಹೇಳಿ ದಿನಾಂಕ ಗೊತ್ತು ಮಾಡಿ, ಆ ದಿನ ಖಂಡಿತ ಮಾತಾಡಿ. 2016ರ ಜೂನ್‌ನಲ್ಲಿ ಕೊಪಾ ಅಮೆರಿಕ ಫೈನಲ್‌ನಲ್ಲಿ ಪೆನಾಲ್ಟಿ ಹೊರಗೆ ಹೊಡೆದು, ಚಿಲಿಗೆ ಸೋತು, ಆ ರಾತ್ರಿಯೇ ಲಯೊನೆಲ್ ಮೆಸ್ಸಿ ಇನ್ನು ಅರ್ಜೆಂಟೀನಾಕ್ಕೆ ಆಡುವುದಿಲ್ಲ ಎಂದುಬಿಟ್ಟರು. ಎರಡು ತಿಂಗಳಲ್ಲಿ ಮನಸ್ಸು ಬದಲಾಯಿಸಿ ಮರಳಿದರು. 2021ರಲ್ಲಿ ಅದೇ ಕೊಪಾ ಗೆದ್ದರು, 2022ರ ಡಿಸೆಂಬರ್ 18ರಂದು ವಿಶ್ವಕಪ್ ಎತ್ತಿದರು. ಜಗತ್ತಿನ ಅಷ್ಟು ದೊಡ್ಡ ಆಟಗಾರನ ಆ ರಾತ್ರಿಯ ಮಾತೇ ಕೊನೆಯದಾಗಲಿಲ್ಲ ಎಂದಮೇಲೆ ಹದಿನಾಲ್ಕು ವರ್ಷದ ಹುಡುಗಿಯ ಮಾತನ್ನು ಅಂದೇ ಕೊನೆಯ ಮಾತು ಮಾಡುವುದು ಯಾಕೆ? ಅವಳು ನಿಜವಾಗಿಯೂ ಬಿಡಬೇಕೆಂದಿದ್ದರೆ ಎರಡು ವಾರದ ಮೇಲೂ ಅದನ್ನೇ ಹೇಳುತ್ತಾಳೆ. ಆಗ ಕೇಳಿಸಿಕೊಳ್ಳಿ, ತಡೆಯಬೇಡಿ.

ಎರಡನೆಯವರಿಗೂ ನಾಲ್ಕನೆಯವರಿಗೂ

ಮೂರನೆಯ ಸ್ಥಾನ ಬಂದವರ ಮುಖದಲ್ಲಿ ನಗು, ಎರಡನೆಯ ಸ್ಥಾನ ಬಂದವರ ಮುಖದಲ್ಲಿ ಸೂತಕ. ವಿಕ್ಟರಿ ಸ್ಟ್ಯಾಂಡಿನ ಎದುರು ನಿಂತ ಯಾರಾದರೂ ಇದನ್ನು ಕಂಡಿರುತ್ತಾರೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ವಿಡಿಯೊಗಳನ್ನು ನೋಡಿ 1995ರಲ್ಲಿ ಮೂವರು ಅಮೆರಿಕನ್ ಸಂಶೋಧಕರು ಇದನ್ನೇ ಬರೆದರು: ಬೆಳ್ಳಿ ಪಡೆದವರಿಗಿಂತ ಕಂಚು ಪಡೆದವರು ಹೆಚ್ಚು ಖುಷಿಯಾಗಿ ಕಂಡರು. ಬೆಳ್ಳಿಯವರ ಕಣ್ಣು ಕೈತಪ್ಪಿದ ಚಿನ್ನದ ಮೇಲೆ. ಕಂಚಿನವರ ಕಣ್ಣು ಬರಿಗೈಲಿ ಹೋಗುವುದು ತಪ್ಪಿತಲ್ಲ ಎಂಬುದರ ಮೇಲೆ. ಕುಸ್ತಿ, ಹಾಕಿಯಂಥ ಆಟಗಳಲ್ಲಿ ಇನ್ನೂ ಒಂದು ಕಾರಣವಿದೆ. ಕಂಚಿನವರು ಕೊನೆಯ ಪಂದ್ಯ ಗೆದ್ದು ಬಂದಿರುತ್ತಾರೆ, ಬೆಳ್ಳಿಯವರು ಕೊನೆಯ ಪಂದ್ಯ ಸೋತು ಬಂದಿರುತ್ತಾರೆ. ಪದಕ ದೊಡ್ಡದು, ಆದರೆ ಬಾಯಲ್ಲಿರುವುದು ಸೋಲಿನ ರುಚಿ.

ಹಾಗಾಗಿ “ಬೆಳ್ಳಿ ಬಂತಲ್ಲ, ಇನ್ನೇನು ಬೇಕು, ನಗು ನಗು” ಎಂದು ಫೋಟೊಕ್ಕಾಗಿ ಪೀಡಿಸುವುದನ್ನು ನಿಷೇಧಿಸಲಾಗಿದೆ. ಬೆಳ್ಳಿಯ ಬೆಲೆ ಅವರಿಗೆ ತಿಳಿಯುತ್ತದೆ, ಹೊತ್ತು ಹಿಡಿಯುತ್ತದೆ.

ನಾಲ್ಕನೆಯವರ ಪಾಡು ಬೇರೆಯೇ. ಅವರನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್ 400 ಮೀಟರ್‌ನಲ್ಲಿ ನಾಲ್ಕನೆಯವರಾದರು, ಬದುಕಿನ ಕೊನೆಯವರೆಗೂ ಆ ಓಟದ ಮಾತು ಬಂದಾಗ ನೊಂದುಕೊಂಡರು. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್‌ನಲ್ಲಿ ಕಂಚು ಕಳೆದುಕೊಂಡದ್ದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಗಾಲ್ಫ್ ಆಡುವಾಗ ಅವರ ವಿಶ್ವ ರ‍್ಯಾಂಕ್ 200. ಬ್ಯಾಗ್ ಹೊತ್ತು ಜೊತೆಗಿದ್ದವರು ಅಮ್ಮ ಮಹೇಶ್ವರಿ. ಗಾಲ್ಫ್ ಎಂದರೆ ಏನೆಂದೇ ಗೊತ್ತಿಲ್ಲದ ಮನೆಗಳಲ್ಲೂ ಆ ಶನಿವಾರ ಬೆಳಿಗ್ಗೆ ಟಿ.ವಿ. ಹಚ್ಚಿದ್ದರು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿತು. ಬೇರೆ ಯಾವ ಟೂರ್ನಿಯಲ್ಲಾದರೂ ನಾಲ್ಕನೆಯ ಸ್ಥಾನಕ್ಕೆ ಖುಷಿಪಡುತ್ತಿದ್ದೆ, ಒಲಿಂಪಿಕ್ಸ್‌ನಲ್ಲಿ ಅದು ಕಷ್ಟ ಎಂಬರ್ಥದ ಮಾತನ್ನು ಅವರು ಅಂದೇ ಆಡಿದರು. ಎಷ್ಟು ನೇರವಾದ, ಪ್ರಾಮಾಣಿಕವಾದ ಮಾತು! ಮಕ್ಕಳಿಗೆ ಹೀಗೆ ಹೇಳಿಕೊಳ್ಳಲು ಬಿಡಿ. ನೋವಾಗಿದೆ ಎಂದು ಹೇಳಿದ ಮಗುವಿಗೆ “ಪರವಾಗಿಲ್ಲ ಬಿಡು” ಎನ್ನುವ ಬದಲು “ಹೌದು, ನೋವಾಗುವಂಥದ್ದೇ” ಎನ್ನಿ.

ಕೂಟ ನಡೆಸುವವರಿಗೆ ಒಂದು ಕೋರಿಕೆಯಲ್ಲ, ಸೂಚನೆ: ಫೈನಲ್‌ನಲ್ಲಿ ಓಡಿದ ಎಂಟೂ ಜನರ ಹೆಸರು, ಸಮಯ ಮೈಕಿನಲ್ಲಿ ಹೇಳಿ. ಮೊದಲ ಮೂವರದು ಮಾತ್ರ ಹೇಳಿ ನಿಲ್ಲಿಸಬೇಡಿ. ನಾಲ್ಕನೆಯವಳು ತನ್ನ ಅತ್ಯುತ್ತಮ ಸಮಯ ಓಡಿರಬಹುದು, ಅದು ಅವಳಿಗೆ ಗೊತ್ತಾಗಲಿ.

ಗೆದ್ದವರ ವಿಷಯದಲ್ಲಿ

ಸೋತವರಿಗೆ ಸಮಾಧಾನ ಬೇಕು ಎಂದು ಎಲ್ಲರಿಗೂ ಗೊತ್ತು. ಗೆದ್ದವರಿಗೆ ಏನೂ ಬೇಡ ಎಂದುಕೊಂಡಿರುವುದೇ ತಪ್ಪು.

ಅಭಿನವ್ ಬಿಂದ್ರಾ 2004ರ ಅಥೆನ್ಸ್‌ನಲ್ಲಿ ಫೈನಲ್‌ಗೆ ಹೋಗಿ ಏಳನೆಯವರಾದರು. ನಾಲ್ಕು ವರ್ಷ ಬಿಟ್ಟು 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಅದು ಮೊದಲ ವೈಯಕ್ತಿಕ ಚಿನ್ನ. ಇಡೀ ದೇಶ ಕುಣಿಯಿತು. ತಾನು ಮಾನಸಿಕವಾಗಿ ಅತ್ಯಂತ ಕುಗ್ಗಿಹೋದದ್ದು ಸೋತಾಗ ಅಲ್ಲ, ಆ ಚಿನ್ನ ಗೆದ್ದ ಮೇಲೆ ಎಂದು ಬಿಂದ್ರಾ ಆಮೇಲೆ ಹಲವು ಸಲ ಬಹಿರಂಗವಾಗಿ ಹೇಳಿದ್ದಾರೆ. ಹದಿಹರೆಯದಿಂದ ಬೆಳಿಗ್ಗೆ ಎದ್ದದ್ದು, ಉಂಡದ್ದು, ಮಲಗಿದ್ದು ಎಲ್ಲ ಒಂದೇ ಗುರಿಗಾಗಿ. ಅದು ಕೈಗೆ ಬಂದ ಮೇಲೆ ಮರುದಿನ ಏಳುವುದು ಯಾತಕ್ಕೆ ಎಂಬುದೇ ತಿಳಿಯದ ಸ್ಥಿತಿ. ಒಲಿಂಪಿಕ್ಸ್‌ನಲ್ಲಿ 23 ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೆ ಖಿನ್ನತೆಗೆ ಜಾರುತ್ತಿದ್ದೆ ಎಂದು ಹೇಳಿಕೊಂಡಿದ್ದಾರೆ.

ನಮ್ಮ ಮಕ್ಕಳ ಮಟ್ಟದಲ್ಲೂ ಇದು ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ. ರಾಜ್ಯ ಮಟ್ಟದಲ್ಲಿ ಗೆದ್ದ ಹುಡುಗ ವಾರದ ಮೇಲೆ ಪ್ರಾಕ್ಟೀಸಿಗೆ ಬಂದು ಮಂಕಾಗಿ ಕೂರುತ್ತಾನೆ. “ಜಂಬ ಬಂತು ಇವನಿಗೆ” ಎನ್ನುತ್ತಾರೆ ಜೊತೆಯವರು. ಜಂಬ ಇರಲಿಕ್ಕಿಲ್ಲ, ಖಾಲಿತನ ಇರಬಹುದು. ಹೀಗಾಗಿ ದೊಡ್ಡ ಕೂಟಕ್ಕೆ ಹೊರಡುವ ಮೊದಲೇ ಅದು ಮುಗಿದ ಮೇಲಿನ ಒಂದು ತಿಂಗಳ ದಿನಚರಿ ಬರೆದಿಡಿ. ಅದರಲ್ಲಿ ವಿಶ್ರಾಂತಿ ಎಷ್ಟು ದಿನ, ಊರಿಗೆ ಯಾವಾಗ, ತಪ್ಪಿಹೋದ ಪಾಠಗಳು ಯಾವಾಗ, ಮತ್ತೆ ಟ್ರ್ಯಾಕಿಗೆ ಯಾವಾಗ ಎಂಬುದು ಇರಲಿ. ಗೆದ್ದರೂ ಸೋತರೂ ಅದೇ ದಿನಚರಿ.

ಸನ್ಮಾನಕ್ಕೆ ಮಿತಿ ಇರಲಿ. ಶಾಲೆಯಲ್ಲಿ ಒಂದು, ಊರಿನಲ್ಲಿ ಒಂದು ಸಾಕು. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ಮಗುವಿನ ಫೋಟೊಕ್ಕಿಂತ ದೊಡ್ಡದಾಗಿ ಮುಖಂಡರ ಫೋಟೊ ಇರುವ ಫ್ಲೆಕ್ಸ್, ವೇದಿಕೆಯ ಮೇಲೆ ನಿಂತು “ಮುಂದಿನ ಒಲಿಂಪಿಕ್ಸ್‌ನಲ್ಲಿ ಚಿನ್ನ ತರ್ತಾಳೆ ನಮ್ಮ ಹುಡುಗಿ” ಎಂಬ ಘೋಷಣೆ. ಆ ಹುಡುಗಿಗೆ ಹದಿಮೂರು ವರ್ಷ. ಅವಳು ಗೆದ್ದಿರುವುದು ವಿಭಾಗ ಮಟ್ಟದ 200 ಮೀಟರ್. ಮುಂದಿನ ವರ್ಷ ಹೀಟ್ಸ್‌ನಲ್ಲೇ ಹೊರಬಿದ್ದರೆ ಅವಳು ಅದೇ ಬಸ್ ಸ್ಟ್ಯಾಂಡಿನಲ್ಲಿ ಇಳಿಯಬೇಕು, ಬಿಸಿಲಿಗೆ ಬಣ್ಣ ಮಾಸಿದ ಅದೇ ಫ್ಲೆಕ್ಸಿನ ಕೆಳಗೆ. ಅವಳ ಪರವಾಗಿ ಭವಿಷ್ಯ ನುಡಿಯುವ ಹಕ್ಕು ವೇದಿಕೆಯ ಮೇಲಿರುವ ಯಾರಿಗೂ ಇಲ್ಲ. ಕಾರ್ಯಕ್ರಮ ಮುಗಿದ ಮಾರನೆಯ ದಿನ ಫ್ಲೆಕ್ಸ್ ಇಳಿಸಿ.

ಬೇಗ ಬೆಳೆದ ಮಕ್ಕಳ ಗೆಲುವನ್ನು ಪ್ರತಿಭೆಯ ಅಂತಿಮ ಪ್ರಮಾಣಪತ್ರ ಎಂದು ಸಾರಬೇಡಿ. ಹನ್ನೆರಡು ಹದಿಮೂರರಲ್ಲೇ ಮೀಸೆ ಚಿಗುರಿ, ಭುಜ ಅಗಲವಾದ ಹುಡುಗ ತನ್ನ ವಯೋಮಿತಿಯಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ. ಹದಿನೇಳರ ಹೊತ್ತಿಗೆ ಉಳಿದವರೂ ಅವನ ಮಟ್ಟಕ್ಕೆ ಬೆಳೆಯುತ್ತಾರೆ. ಅವನು ಮೊದಲಿನಂತೆಯೇ ದುಡಿಯುತ್ತಿದ್ದರೂ ಸೋಲತೊಡಗುತ್ತಾನೆ. ಇದು ಮೈಯ ಲೆಕ್ಕ, ಅವನ ತಪ್ಪಲ್ಲ ಎಂದು ಯಾರೂ ಹೇಳದೆ ಹೋದರೆ “ನಾನು ಕೆಟ್ಟೆ” ಎಂದೇ ನಂಬಿಬಿಡುತ್ತಾನೆ. ಗೆಲ್ಲುತ್ತಿರುವಾಗಲೇ ಇದನ್ನು ಅವನಿಗೂ ಅವನ ಮನೆಯವರಿಗೂ ತಿಳಿಸಿ ಹೇಳಿ. ಇನ್ನು ವಯಸ್ಸಿನ ದಾಖಲೆ ತಿದ್ದಿ ದೊಡ್ಡವರನ್ನು ಚಿಕ್ಕವರ ಜೊತೆ ಓಡಿಸುವುದು: ಮಾಡಿದವರು ಇಬ್ಬರಿಗೆ ಮೋಸ ಮಾಡುತ್ತಿದ್ದಾರೆ. ನ್ಯಾಯವಾಗಿ ಓಡಿ ಸೋತ ಮಗುವಿಗೆ, ತನ್ನದಲ್ಲದ ಗೆಲುವು ಹೊತ್ತು ತಿರುಗುವ ಮಗುವಿಗೆ. ಗೊತ್ತಾದರೆ ದೂರು ಕೊಡಿ, ಸುಮ್ಮನಿರಬೇಡಿ.

ಮೆರವಣಿಗೆ ಬೇಡ. ಮಾಡಲೇಬೇಕೆಂದರೆ ಹಗಲಿನಲ್ಲಿ, ಪೊಲೀಸರಿಗೆ ತಿಳಿಸಿ, ಜನ ಎಷ್ಟು ಬರಬಹುದೆಂದು ಲೆಕ್ಕ ಹಾಕಿ ಮಾಡಿ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಹದಿನೆಂಟು ವರ್ಷ ಕಾದ ಗೆಲುವು ಒಂದು ದಿನವೂ ಗೆಲುವಾಗಿ ಉಳಿಯಲಿಲ್ಲ, ಆಡಿದವರಿಗೂ ನೋಡಿದವರಿಗೂ.

ಎದುರಾಳಿಯ ಮುಖದೆದುರು ಕೂಗುವುದು, ಸೋತವರ ಕೈ ಕುಲುಕದೆ ಹೋಗುವುದು, ಸೋತ ಶಾಲೆಯವರು ಕೂತ ಶಾಮಿಯಾನದ ಎದುರು ಹೋಗಿ ಕುಣಿಯುವುದು ಕೂಡದು. ಕುಣಿಯಿರಿ, ನಿಮ್ಮ ಶಾಮಿಯಾನದಲ್ಲಿ.

ರಿಲೇ, ಕಬಡ್ಡಿ, ಖೊ-ಖೊ: ತಂಡ ಸೋತಾಗ

4x100 ಮೀಟರ್ ರಿಲೇಯಲ್ಲಿ ಬ್ಯಾಟನ್ ಕೈ ಬದಲಾಗಲು ಇರುವ ಜಾಗ 30 ಮೀಟರ್. ಮೂರನೆಯ ಓಟಗಾರ್ತಿ ಕೂಗಿದಳು, ನಾಲ್ಕನೆಯವಳು ಹಿಂದಕ್ಕೆ ಕೈ ಚಾಚಿದಳು, ಹೆಬ್ಬೆರಳಿಗೆ ತಗುಲಿ ಬ್ಯಾಟನ್ ಜಾರಿ ಪಕ್ಕದ ಲೇನಿಗೆ ಉರುಳಿತು. ಬೀಳಿಸಿದವಳೇ ಹೆಕ್ಕಬೇಕು ಎನ್ನುವುದು ನಿಯಮ. ಅವಳು ಬಗ್ಗಿ ಹೆಕ್ಕುವಷ್ಟರಲ್ಲಿ ಉಳಿದ ತಂಡಗಳು ತಿರುವು ದಾಟಿ ಹೋದವು. ನಾಲ್ಕು ಹುಡುಗಿಯರು, ಒಂದೇ ಬಣ್ಣದ ಬನಿಯನ್, ಮೂವರು ಒಂದು ಕಡೆ, ಒಬ್ಬಳು ಕಾಂಪೌಂಡ್ ಗೋಡೆಗೆ ಮುಖ ಮಾಡಿ ಒಂದು ಕಡೆ. ಚೆಸ್ಟ್ ನಂಬರಿನ ಪಿನ್ನು ತೆಗೆಯುವುದು, ಮತ್ತೆ ಚುಚ್ಚುವುದು, ಅದೇ ಕೆಲಸ ಅವಳದು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು: ನಾಲ್ವರನ್ನೂ ಒಂದೇ ಕಡೆ ಕೂರಿಸಿ. ಒಂದೇ ಬುತ್ತಿಯಿಂದ ತಿನ್ನಲಿ. ಯಾರ ತಪ್ಪು ಎಂಬ ವಿಚಾರಣೆಯನ್ನು ಕೋಚ್ ಆದವರು ಅಲ್ಲಿಯೇ, ಎಲ್ಲರಿಗೂ ಕೇಳುವ ಹಾಗೆ ಮುಗಿಸಬೇಕು: “ಬ್ಯಾಟನ್ ಇಬ್ಬರ ಕೈಯಿಂದ ಬೀಳುತ್ತೆ. ಇಬ್ಬರಿಗೂ ಅಭ್ಯಾಸ ಮಾಡಿಸಿದ್ದು ನಾನು.” ತಂಡದ ಉಳಿದ ಮಕ್ಕಳಿಗೆ ಸಿಟ್ಟು ಬರುವುದು ಸಹಜ. ಸಿಟ್ಟನ್ನು ಕೋಚಿನ ಮೇಲೆ ತೀರಿಸಿಕೊಳ್ಳಲಿ, ಗೆಳತಿಯ ಮೇಲೆ ಬೇಡ. ಕೊನೆಯ ರೈಡ್‌ನಲ್ಲಿ ಔಟಾದ ಹುಡುಗ, ಖೊ ಕೊಡುವಲ್ಲಿ ತಪ್ಪಿದ ಹುಡುಗಿ, ಪೆನಾಲ್ಟಿ ಕಳೆದುಕೊಂಡವನು, ಇವರನ್ನು ಮುಂದಿನ ಪಂದ್ಯದಿಂದ ಶಿಕ್ಷೆ ಎಂಬಂತೆ ಕೈಬಿಡಬೇಡಿ. ಸಾಧ್ಯವಾದಷ್ಟು ಬೇಗ ಅದೇ ಜಾಗದಲ್ಲಿ ಮತ್ತೆ ಆಡಿಸಿ. ತಡ ಮಾಡಿದಷ್ಟೂ ಆ ಜಾಗದ ಭಯ ದೊಡ್ಡದಾಗುತ್ತದೆ.

ತಂಡ ಸೋತಾಗ ಚೆನ್ನಾಗಿ ಆಡಿದವರೂ ಗೊಂದಲದಲ್ಲಿರುತ್ತಾರೆ. ಖುಷಿಪಟ್ಟರೆ ತಪ್ಪು, ಅತ್ತರೆ ಸುಳ್ಳು. ಅವರನ್ನು ಬೇರೆಯಾಗಿ ಕರೆದು ಒಂದು ಒಳ್ಳೆಯ ಮಾತು ಹೇಳಿ.

ಅಪ್ಪ ಅಮ್ಮಂದಿರಿಗೆ

ಮನೆಗೆ ಹಿಂದಿರುಗುವ ಪ್ರಯಾಣದಲ್ಲಿ ಆಟದ ಮಾತು ಎತ್ತಬೇಡಿ. ಮಗುವೇ ಎತ್ತಿದರೆ ಕೇಳಿಸಿಕೊಳ್ಳಿ. ಬೈಕಿನ ಹಿಂದೆಯೋ ಬಸ್ಸಿನ ಕಿಟಕಿಯ ಪಕ್ಕವೋ ಕುಳಿತ ಮಗುವಿಗೆ ಎದ್ದು ಹೋಗಲು ಜಾಗವಿರುವುದಿಲ್ಲ, ಅಲ್ಲಿ ಬೈದರೆ ಮನೆ ಬರುವವರೆಗೂ ಕೇಳಲೇಬೇಕು. ಇಷ್ಟು ಕ್ರೂರವಾದದ್ದನ್ನು ಪ್ರೀತಿಯಿಂದಲೇ ಮಾಡುತ್ತಾರೆ ನಮ್ಮಲ್ಲಿ, ಅದೇ ನನಗೆ ಸಂಕಟ.

ಖರ್ಚಿನ ಲೆಕ್ಕ ಹೇಳಕೂಡದು. ಶೂಗೆ ಎಷ್ಟಾಯಿತು, ಅಕಾಡೆಮಿ ಫೀಸಿಗೆ ಯಾವ ಒಡವೆ ಅಡವಿಟ್ಟಿರಿ, ನೀವು ಎಷ್ಟು ರಜೆ ಹಾಕಿದಿರಿ, ಇವು ನಿಜವೇ ಇರಬಹುದು, ಕಷ್ಟವೇ ಇರಬಹುದು. ಸೋತ ದಿನ ಅದನ್ನು ಹೇಳಿದರೆ ಮುಂದಿನ ಸಲ ಮಗು ಸ್ಟಾರ್ಟಿಂಗ್ ಬ್ಲಾಕಿನಲ್ಲಿ ಆ ಸಾಲವನ್ನೂ ಬೆನ್ನ ಮೇಲೆ ಹೊತ್ತು ಕೂರುತ್ತದೆ. ಕ್ರೀಡಾ ಕೋಟಾದ ಸೀಟಿನ ಮಾತೂ ಅಷ್ಟೇ.

ಹೋಲಿಸಬೇಡಿ. “ಶೆಟ್ಟರ ಮಗಳನ್ನ ನೋಡಿ ಕಲಿ” ಎನ್ನಬೇಡಿ, ಅಣ್ಣನಿಗೂ ತಂಗಿಗೂ ಹೋಲಿಸಬೇಡಿ.

ಊಟದ ವಿಷಯ. ಗೆದ್ದರೆ ಬಿರಿಯಾನಿ, ಸೋತರೆ ತಿಳಿಸಾರು ಎಂಬ ಪದ್ಧತಿ ಇರುವ ಮನೆಗಳಿವೆ. ನಿಲ್ಲಿಸಿ. ಕೂಟದ ದಿನ ಏನು ಅಡುಗೆ ಎಂದು ಬೆಳಿಗ್ಗೆಯೇ ಮಗುವನ್ನು ಕೇಳಿ ನಿರ್ಧರಿಸಿ, ಫಲಿತಾಂಶ ಏನೇ ಆಗಲಿ ಅದನ್ನೇ ಬಡಿಸಿ. ಆ ರಾತ್ರಿ ನಿದ್ದೆ ಬಾರದಿದ್ದರೆ ಗಾಬರಿಯಾಗಬೇಡಿ. ಗೆದ್ದವರಿಗೂ ಸೋತವರಿಗೂ ಆ ದಿನ ಕಣ್ಣು ಮುಚ್ಚಿದರೆ ಓಟವೇ ಕಾಣುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ.

ತರಬೇತುದಾರರಿಗೆ

ಸೋತದ್ದಕ್ಕೆ ಮೈದಾನ ಸುತ್ತು ಹಾಕಿಸುವುದು, ಬಸ್ಕಿ ಹೊಡೆಸುವುದು, ಊಟ ತಡೆಯುವುದು, ತೂಕ ಇಳಿಸು ಎಂದು ನೀರು ಕಡಿಮೆ ಮಾಡಿಸುವುದು ಸಂಪೂರ್ಣ ನಿಷಿದ್ಧ. ಓಟವನ್ನು ಶಿಕ್ಷೆ ಮಾಡಿದರೆ ಓಟದ ಮೇಲಿನ ಪ್ರೀತಿ ಎಲ್ಲಿಂದ ಬರಬೇಕು?

ನಿಮ್ಮ ಸ್ವಂತ ಸೋಲಿನ ನೋವನ್ನು ಮಕ್ಕಳ ಮೇಲೆ ಹೇರಬೇಡಿ. ನಿಮಗೂ ನೋವಾಗುತ್ತದೆ, ಅದನ್ನು ಮುಚ್ಚಿಡಿ ಎಂದು ಹೇಳುತ್ತಿಲ್ಲ. 2023ರ ನವೆಂಬರ್ 19ರಂದು, ಸತತ ಹತ್ತು ಪಂದ್ಯ ಗೆದ್ದು ಬಂದಿದ್ದ ಭಾರತ ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ಸೋತಾಗ ಕೋಚ್ ಆಗಿದ್ದವರು ರಾಹುಲ್ ದ್ರಾವಿಡ್. ಡ್ರೆಸಿಂಗ್ ರೂಮಿನಲ್ಲಿ ಹುಡುಗರ ಸಂಕಟ ನೋಡುವುದು ಕಷ್ಟವಾಯಿತು, ಅವರು ಎಷ್ಟು ದುಡಿದಿದ್ದಾರೆಂದು ಬಲ್ಲೆ ಎಂಬ ಮಾತನ್ನು ಆ ರಾತ್ರಿ ಪತ್ರಕರ್ತರ ಮುಂದೆ ಆಡಿದರು. ಯಾರ ತಲೆಗೂ ಸೋಲು ಕಟ್ಟಲಿಲ್ಲ. 2007ರಲ್ಲಿ ವೆಸ್ಟ್ ಇಂಡೀಸ್‌ನ ವಿಶ್ವಕಪ್‌ನಲ್ಲಿ ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡಕ್ಕೆ ಇವರೇ ನಾಯಕರಾಗಿದ್ದವರು. 2024ರ ಜೂನ್ 29ರಂದು ಅದೇ ವೆಸ್ಟ್ ಇಂಡೀಸ್‌ನ ಬಾರ್ಬಡೋಸ್‌ನಲ್ಲಿ ಭಾರತ ಟಿ-20 ವಿಶ್ವಕಪ್ ಗೆದ್ದಾಗ, ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಕೂಗಿದ ಆ ಮೌನಿ ದ್ರಾವಿಡ್‌ರನ್ನು ನೋಡಿ ಇಡೀ ಕರ್ನಾಟಕ ಕಣ್ಣೊರೆಸಿಕೊಂಡಿತು. ಭಾವನೆ ಇಲ್ಲದ ಮನುಷ್ಯ ಅಲ್ಲ ಅವರು. ಯಾವಾಗ, ಯಾರ ಮುಂದೆ, ಯಾರಿಗೆ ಪೆಟ್ಟಾಗದ ಹಾಗೆ ಎಂಬುದನ್ನು ಬಲ್ಲವರು.

ಅನುಭವಿಗಳಿಗೆ ಸೋಲು ರೂಢಿಯಾಗಿದೆ ಎಂದು ತಿಳಿಯಬೇಡಿ. ಕೊಡಗಿನ ಬ್ಯಾಡ್ಮಿಂಟನ್ ಆಟಗಾರ್ತಿ ಅಶ್ವಿನಿ ಪೊನ್ನಪ್ಪ ಕಾಮನ್‌ವೆಲ್ತ್ ಚಿನ್ನ, ವಿಶ್ವ ಚಾಂಪಿಯನ್‌ಷಿಪ್ ಕಂಚು ಕಂಡವರು, ಮೂರು ಒಲಿಂಪಿಕ್ಸ್ ಆಡಿದವರು. 2024ರಲ್ಲಿ ಪ್ಯಾರಿಸ್‌ನಲ್ಲಿ ಗುಂಪಿನ ಮೂರೂ ಪಂದ್ಯ ಸೋತ ಮೇಲೆ ಕಣ್ಣೀರಿಡುತ್ತ, ಇದೇ ನನ್ನ ಕೊನೆಯ ಒಲಿಂಪಿಕ್ಸ್, ಮನಸ್ಸಿಗೆ ಇದು ಬಹಳ ಭಾರ ಎಂದರು. ಸೀನಿಯರ್ ಹುಡುಗರನ್ನೂ ಜೂನಿಯರ್‌ಗಳಷ್ಟೇ ಜೋಪಾನವಾಗಿ ನೋಡಿಕೊಳ್ಳಿ.

ಮೊಬೈಲ್

ಅಳುತ್ತಿರುವ ಮಗುವಿನ ಫೋಟೊ, ವಿಡಿಯೊ ತೆಗೆಯಕೂಡದು. ತೆಗೆದು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದಂತೂ ಅಪರಾಧ ಎಂದೇ ತಿಳಿಯಿರಿ. ಗುಂಪಿನಲ್ಲಿ ರೆಫರಿಯನ್ನೋ ಎದುರು ತಂಡದ ಮಕ್ಕಳನ್ನೋ ಹೆಸರು ಹಿಡಿದು ಬೈಯಬೇಡಿ. 2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ಭಾರತ ಪಾಕಿಸ್ತಾನಕ್ಕೆ ಸೋತಾಗ ಮೊಹಮ್ಮದ್ ಶಮಿಯವರನ್ನು ಧರ್ಮದ ಹೆಸರು ಹಿಡಿದು ಬೈದವರು ಮೊಬೈಲಿನ ಹಿಂದೆ ಅಡಗಿದ್ದ ಜನವೇ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿ ಪರ ನಿಂತರು. ನಿಮ್ಮ ತಂಡದ ಮಗುವಿಗೆ ಹಾಗಾದರೆ ಮೊದಲು ನಿಲ್ಲಬೇಕಾದವರು ನೀವು.

ಕೂಟ ಮುಗಿದ ರಾತ್ರಿ ಮಕ್ಕಳ ಮೊಬೈಲನ್ನು ಮ್ಯಾನೇಜರ್ ಬಳಿ ಇಡಿಸಿ, ಮನೆಗೆ ಒಂದು ಕರೆ ಮಾಡಿಸಿದ ಮೇಲೆ. ಗೆದ್ದವರದ್ದೂ ಸೇರಿ.

ಯಾವಾಗ ಡಾಕ್ಟರ ಬಳಿ ಹೋಗಬೇಕು

ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಗೆಳೆಯರಿಂದ ದೂರ ಉಳಿದರೆ, ಪ್ರಾಕ್ಟೀಸಿನ ಹೊತ್ತಿಗೇ ತಲೆನೋವು ಹೊಟ್ಟೆನೋವು ಬಂದರೆ, ಗುಣವಾದ ಗಾಯ ಇನ್ನೂ ನೋಯುತ್ತದೆ ಎಂದರೆ, ಇದ್ದಕ್ಕಿದ್ದಂತೆ ಕುಡಿತ ಸಿಗರೇಟು ಕಂಡುಬಂದರೆ ಕಾಯಬೇಡಿ. ಸಾಯಬೇಕು ಎನ್ನಿಸುತ್ತದೆ, ನಾನಿದ್ದೇನು ಪ್ರಯೋಜನ ಎಂಬ ಮಾತು ಬಂದರೆ ಎರಡು ವಾರವೂ ಕಾಯಬೇಡಿ, ಅಂದೇ ಕರೆದುಕೊಂಡು ಹೋಗಿ, ಒಬ್ಬರೇ ಇರಲು ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಸುತ್ತಮುತ್ತಲಿನವರಿಗೆ ನಿಮ್ಹಾನ್ಸ್ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರನ್ನು ಕೇಳಿ.

“ಮನಸ್ಸು ಗಟ್ಟಿ ಇಲ್ಲದವರು ಆಟಕ್ಕೆ ಬರಬಾರದು” ಎನ್ನುವವರಿಗೆ: ಸಿಮೋನ್ ಬೈಲ್ಸ್ 2021ರಲ್ಲಿ ಟೋಕಿಯೊದಲ್ಲಿ ಜಿಮ್ನಾಸ್ಟಿಕ್ಸ್ ತಂಡದ ಫೈನಲ್ ಮಧ್ಯದಲ್ಲೇ, ಮನಸ್ಸೂ ಮೈಯೂ ಹೊಂದುತ್ತಿಲ್ಲ ಎಂದು ಹಿಂದೆ ಸರಿದರು. ಚಿಕಿತ್ಸೆ, ವಿಶ್ರಾಂತಿ ಪಡೆದು ಬಂದು 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಮಂಡಿ ಉಳುಕಿದವರನ್ನು ಫಿಸಿಯೊ ಬಳಿ ಕಳಿಸುವ ನೀವು ಇದಕ್ಕೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಆದರೆ ಗೆದ್ದು ಮರಳಲಿ ಎಂಬುದಕ್ಕಾಗಿ ಚಿಕಿತ್ಸೆ ಕೊಡಿಸಬೇಡಿ. ಮಗು ಮತ್ತೆ ಓಡದೇ ಹೋದರೂ ಚೆನ್ನಾಗಿರಬೇಕು.

ಪ್ರತಿ ಶಾಲೆ, ಪ್ರತಿ ಕ್ಲಬ್ ಈ ಸೂಚನೆಯನ್ನು ಕೂಟಕ್ಕೆ ಹೊರಡುವ ಹಿಂದಿನ ದಿನ ಮಕ್ಕಳ ಮುಂದೆಯೂ ಪೋಷಕರ ಮುಂದೆಯೂ ಓದಿ ಹೇಳತಕ್ಕದ್ದು. ಮಕ್ಕಳು ತಂಗುವ ಕೊಠಡಿಯಲ್ಲಿ ರಾತ್ರಿ ಯಾರು ಮಲಗುತ್ತಾರೆ, ಅಳು ಬಂದವರು ಯಾರನ್ನು ಎಬ್ಬಿಸಬೇಕು ಎಂಬುದನ್ನು ಆಗಲೇ ಹೆಸರು ಹಿಡಿದು ತಿಳಿಸಬೇಕು. ಹೆಣ್ಣುಮಕ್ಕಳ ಕೊಠಡಿಗೆ ಶಿಕ್ಷಕಿಯೇ ಇರಬೇಕು.